ಬನ್ನಿ ಗಿಡಕ್ಕೆ ಅಣ್ಣಾರಾವನ ಕಾನೂನು

ಕೋರ್ಟಿಗೆ ಹೋದವರು ಏನಾದರೊಂದು ಕಳೆದುಕೊಂಡೇ ಬರುತ್ತಾರೆ. ಹೊಲ ಕಳೆದುಕೊಂಡವರನ್ನು ನೋಡಿದ್ದೇನೆ, ನಿದ್ದೆ ಕಳೆದುಕೊಂಡವರನ್ನು ನೋಡಿದ್ದೇನೆ, ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಕಳೆದುಕೊಂಡವರಿಗಂತೂ ಲೆಕ್ಕವಿಲ್ಲ. ಆದರೆ ಬರಿಗೈಯಲ್ಲಿ ಹೋಗಿ ಒಂದು ಕಾನೂನನ್ನೇ ಹೊತ್ತುಕೊಂಡು ಬಂದವನು ನಮ್ಮೂರ ಅಣ್ಣಾರಾವ ಒಬ್ಬನೇ.

ನಮ್ಮೂರು ಕಮಲಾಪುರದ ಮಗ್ಗುಲಲ್ಲೇ ಇದೆ. ಅಲ್ಲಿ ಅಣ್ಣಾರಾವನಿಗೆ ಒಂದಿಷ್ಟು ತೊಗರಿ ಹೊಲ, ಸ್ವಲ್ಪ ಕೆಂಪು ಬಾಳೆಯ ತೋಟ, ಶಿವಕಾಂತಮ್ಮ ಎಂಬ ಹೆಂಡತಿ, ಭುವನೇಶ್ವರಿ ಎಂಬ ಮದುವೆಗೆ ಬಂದ ಮಗಳು. ಎಲ್ಲವೂ ಸರಿಯಾಗಿಯೇ ನಡೆದಿತ್ತು. ಏಕೆಂದರೆ ನಡೆಸುತ್ತಿದ್ದವಳು ಶಿವಕಾಂತಮ್ಮ. ಅಣ್ಣಾರಾವನ ಪಾಲಿಗೆ ಉಳಿದದ್ದು ಸಲಹೆ ಕೊಡುವ ಕೆಲಸ.

ಕೋಟನೂರಿನ ಷಡ್ಡಕನಿಗೆ ಬದುವಿನ ತಕರಾರು ಇತ್ತು. ಅದಕ್ಕೆ ಸಾಕ್ಷಿ ಹೇಳಲು ಶ್ರಾವಣದ ಒಂದು ದಿನ ಅಣ್ಣಾರಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಕಲಬುರಗಿಗೆ ಹೋದ. ಸಾಕ್ಷಿಯನ್ನು ಯಾರೂ ಕೂಗಲಿಲ್ಲ, ಮುಂದಿನ ತಾರೀಖು ಬಿತ್ತು. ಹೊರಗೆ ಕಟ್ಟೆಯ ಮೇಲೆ ಕುಳಿತ. ಪಕ್ಕದಲ್ಲಿ ಒಬ್ಬ ವಕೀಲ ತನ್ನ ಕಕ್ಷಿದಾರನನ್ನು ಬೈಯುತ್ತಿದ್ದ.

"ಅಪ್ಪಣಿ ಇಲ್ಲದ ಗಿಡ ಕಡದು ಕುಂತೀದಿ. ಈಗ ನನ್ನ ಮುಂದ ಅತ್ತರ ಏನ್ ಬಂತು?"

ಅಣ್ಣಾರಾವ ಕತ್ತು ಚಾಚಿದ. "ವಕೀಲಸಾಬ್, ಮಂದಿ ಗಿಡಾನೋ, ಸ್ವಂತ ಗಿಡಾನೋ?"

"ಸ್ವಂತದ್ದೇ. ಗಿಡ ಇವಂದು, ಕಡಿಯೋ ಅಪ್ಪಣಿ ಸರ್ಕಾರದ್ದು."

ಅಣ್ಣಾರಾವನಿಗೆ ಮೊದಲು ಬೆವರು ಬಂತು. ಹಿಂದಿನ ಬೇಸಿಗೆಯಲ್ಲಿ ಮನೆಯ ಮುಂದಿದ್ದ ದೊಡ್ಡ ಬೇವಿನ ಮರವನ್ನು, ಯಾರನ್ನೂ ಕೇಳದೆ, ಮಗಳ ಮದುವೆಯ ಮಂಚಕ್ಕೆಂದು ಅವನೇ ಕಡಿಸಿದ್ದ. ಕಡಿದುಳಿದ ಬೊಡ್ಡೆ ಇನ್ನೂ ಅಂಗಳದಲ್ಲೇ ಇತ್ತು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು, ಮುಖ ಅರಳಿತು. ಕಾನೂನಿನ ಹೆದರಿಕೆ ಹುಟ್ಟಿದಾಗ ಉಳಿದವರು ಅದನ್ನು ಪಾಲಿಸುತ್ತಾರೆ. ಅಣ್ಣಾರಾವ ಅದನ್ನು ಪಕ್ಕದ ಮನೆಯವನ ಮೇಲೆ ಹೊರಿಸುತ್ತಾನೆ.

ಪಕ್ಕದ ಮನೆಯವನೆಂದರೆ ಜಗದೇವಪ್ಪ. ಅಣ್ಣಾರಾವನ ಹೊಲದ ಬದುವಿನ ಮೇಲೆ, ಊರ ದಾರಿಗೆ ಹೊಂದಿಕೊಂಡು, ಒಂದು ಹಳೆಯ ಬನ್ನಿ ಮರ ಇದೆ. ದಸರೆಯ ಸಂಜೆ ಊರೆಲ್ಲ ಅಲ್ಲಿ ಸೇರುತ್ತದೆ. ಮೊದಲ ಟೊಂಗೆಯನ್ನು ಜಗದೇವಪ್ಪನ ಮನೆತನದವರು ಕುಡುಗೋಲಿನಿಂದ ಕಡಿಯಬೇಕು. ಆಮೇಲೆ ಉಳಿದವರು ಎಲೆ ಕಿತ್ತು, ಒಬ್ಬರಿಗೊಬ್ಬರು ಕೊಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ" ಎಂದು ಹಿರಿಯರ ಕಾಲಿಗೆ ಬೀಳಬೇಕು. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತಾಡಬೇಕು. ಈ ದೊಡ್ಡ ಕಾರ್ಯದಲ್ಲಿ ಮರದ ಯಜಮಾನನಾದ ಅಣ್ಣಾರಾವನ ಪಾಲು ಏನೆಂದರೆ ಮರುದಿನ ಬದುವಿನ ಮೇಲಿನ ಕಸ ಗುಡಿಸುವುದು.

"ಗಿಡ ನಂದು, ಮಾನ ಅವಂದು" ಎಂದು ಪ್ರತಿ ವರ್ಷ ಪೊರಕೆಗೆ ಹೇಳುತ್ತಿದ್ದ. ಈಗ ಕೇಳುವುದಕ್ಕೆ ಕಾನೂನು ಸಿಕ್ಕಿತು.

ಊರಿಗೆ ಮರಳುವ ಮೊದಲೇ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಫ್ಲೆಕ್ಸ್ ಮಾಡುವ ಗೌಸಿಯಾಳ ಅಂಗಡಿ ಹೊಕ್ಕ.

"ಏನ್ ಬರೀಲಿ ಕಾಕಾ?"

"ಈ ಗಿಡ ಕಾನೂನಿನ ರಕ್ಷಣಾದಾಗ ಅದ, ಕಡದವರ ಮ್ಯಾಲ ಕ್ರಮ ಅಂತ ಬರಿ."

"ಯಾವ ಕಾನೂನು?"

"ಎಲ್ಲಾ ಕಾನೂನು ಅಂತ ಹಾಕು. ಒಂದರ ಹೆಸರು ಹಾಕಿದ್ರ ಉಳಿದಿದ್ದಕ್ಕ ಸಿಟ್ಟು ಬರ್ತದ."

ಗೌಸಿಯಾ ಬರೆದು ತೋರಿಸಿದಳು. "ಇನ್ನಾ ಅರ್ಧಾ ಖಾಲಿ ಅದ ಕಾಕಾ. ಖಾಲಿ ಬಿಟ್ರೂ ರೇಟ್ ಅಷ್ಟೇ ನೋಡ್ರಿ."

ಅಣ್ಣಾರಾವನನ್ನು ಕೆಡಿಸಿದ್ದು ಈ ಒಂದು ಮಾತು. ದುಡ್ಡು ಕೊಟ್ಟ ಜಾಗ ಖಾಲಿ ಬಿಡುವುದು ಅವನ ಜಾಯಮಾನದಲ್ಲೇ ಇಲ್ಲ. ಕಾಂಡದ ಜೊತೆ ಟೊಂಗೆ ಸೇರಿಸಿದ. ಜಾಗ ಉಳಿಯಿತು. ಎಲೆ ಸೇರಿಸಿದ. ಇನ್ನೂ ಉಳಿಯಿತು. 'ಅಪ್ಪಣೆಗಾಗಿ ಶ್ರೀ ಅಣ್ಣಾರಾವ ಅವರನ್ನು ಕಾಣತಕ್ಕದ್ದು' ಎಂದು ಹಾಕಿಸಿದ. ಕೆಳಗಿನ ಸಾಲು ಬೋಳಾಗಿ ಕಂಡಿತೆಂದು 'ಎಲೆ ಕಿತ್ತವರ ಮಾಹಿತಿ ಕೊಟ್ಟವರಿಗೆ ಶಾಲು ಹೊದಿಸಿ ಸಾರ್ವಜನಿಕ ಸನ್ಮಾನ' ಎಂದೂ ಹಾಕಿಸಿದ.

"ಮ್ಯಾಲ ಮೂಲ್ಯಾಗ ಸರ್ಕಾರದ ಸಿಂಹ ಹಾಕು."

"ಸಿಂಹ ಹಾಕಿದ್ರ ನನ್ನ ದುಕಾನ್ ಬಂದ್ ಆಗ್ತದ ಕಾಕಾ. ನಿಮ್ಮದೇ ಫೋಟೋ ಹಾಕಲೇನು?"

ಬೇಡ ಎನ್ನಲು ಅಣ್ಣಾರಾವ ಬಾಯಿ ತೆರೆದ. ಆದರೆ ಕೈ ಆಗಲೇ ಜೇಬಿನ ಬಾಚಣಿಗೆಗೆ ಹೋಗಿತ್ತು.

ಮರವನ್ನು ಕಾಪಾಡುವ ಆ ಬೋರ್ಡನ್ನು, ಕಟ್ಟಿಗೆಯ ಚೌಕಟ್ಟಿನ ಸಮೇತ, ಅದೇ ಮರಕ್ಕೆ ಉದ್ದುದ್ದ ಮೊಳೆ ಹೊಡೆದು ನಿಲ್ಲಿಸಿದ. ಬೋರ್ಡಿನಲ್ಲಿ ಅವನು ಕೈಮುಗಿದು ನಿಂತಿದ್ದ. ನಮ್ಮ ಕಡೆ ದಾರಿ ಬದಿಯ ಫ್ಲೆಕ್ಸಿನಲ್ಲಿ ಕೈಮುಗಿದವರು ಎರಡೇ ಬಗೆ: ಒಬ್ಬರು ಓಟು ಕೇಳುವವರು, ಇನ್ನೊಬ್ಬರು ತೀರಿಕೊಂಡವರು. ಅಣ್ಣಾರಾವ ಚುನಾವಣೆಗೆ ನಿಂತ ಸುದ್ದಿ ಯಾರಿಗೂ ಇರಲಿಲ್ಲ. ತಾಜಸುಲ್ತಾನಪುರದ ಅವನ ಸೋದರತ್ತೆ ಸೂಗಮ್ಮ ಬಸ್ಸಿನ ಕಿಟಕಿಯಿಂದ ಅದನ್ನು ಕಂಡವಳೇ ಶಿವಕಾಂತಮ್ಮನಿಗೆ ಫೋನು ಮಾಡಿ ಹೋ ಎಂದು ಅತ್ತಳು.

"ಯಾವಾಗ ಹೋದ್ನೇ ಯವ್ವಾ? ನಮಗ ಒಂದು ಮಾತು ತಿಳಸಬಾರದಾ?"

"ಎಲ್ಲೀ ಹೋಗಿಲ್ಲ ಅತ್ತಿ. ಇಲ್ಲೇ ಕುಂತು ಮೂರನೇ ರೊಟ್ಟಿ ತಿನ್ಲಾಕತ್ತಾರ."

ಊರಿನವರು ಜಗಳ ಕಾದರು. ಜಗದೇವಪ್ಪ ಚಾಳೀಸು ಹಾಕಿಕೊಂಡು ಬಂದು ಬೋರ್ಡನ್ನು ಮೇಲಿಂದ ಕೆಳಗೆ ಓದಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಚಲೋ ಕೆಲಸ ಮಾಡಿದಿ ಅಣ್ಣಾರಾವ. ಕಾನೂನು ಅಂದ್ರ ಕಾನೂನು. ಈ ಸಲ ನನ್ನ ಕುಡುಗೋಲು ಮನ್ಯಾಗೇ ಇರ್ತದ."

ಅಣ್ಣಾರಾವನಿಗೆ ಇದು ಗೆಲುವು ಎನಿಸಿತು. ಜಗದೇವಪ್ಪ ಹೀಗೆ ಮೆತ್ತಗೆ ಮಾತಾಡಿದ ದಿನ ಊರಿನ ಉಳಿದವರು ತಮ್ಮ ಬಾಗಿಲ ಚಿಲಕ ನೋಡಿಕೊಳ್ಳುತ್ತಾರೆ. ಮರುದಿನ ಜಗದೇವಪ್ಪ ಮರಗಳ ವಿಚಾರ ನೋಡುವ ಕಚೇರಿಗೆ ಹೋಗಿ ಕಪಿಲ ಎಂಬ ಸಾಹೇಬರಿಗೆ ಕೈಮುಗಿದು ಹೇಳಿದ, "ನಮ್ಮೂರಾಗ ಗಿಡದ ರಕ್ಷಣಾ ಭಾರೀ ನಡದದ ಸಾಹೇಬ್ರ. ಒಮ್ಮಿ ಬಂದು ಅಣ್ಣಾರಾವನ ಬೆನ್ನು ತಟ್ಟಿ ಹೋಗ್ರಿ. ಮನೀಗೂ ಬರ್ರಿ. ಅಂಗಳದಾಗ ಕುಂತು ಮಾತಾಡೋಣು."

ಇಲ್ಲಿ ಭುವನೇಶ್ವರಿಯ ವಿಷಯ ಹೇಳಬೇಕು, ಏಕೆಂದರೆ ಇಷ್ಟೆಲ್ಲದರ ನಡುವೆ ನಿಜವಾಗಿ ಮುಳುಗುವವಳು ಅವಳು. ಕಲಬುರಗಿಯಲ್ಲಿ ಬೋರಿನ ಪಂಪು ರಿಪೇರಿ ಅಂಗಡಿ ಇಟ್ಟ ಅಜಿತ ಎಂಬ ಹುಡುಗ ಅಣ್ಣಾರಾವನ ತೋಟದ ಪಂಪು ನೋಡಲು ಮೂರು ಸಲ ಬಂದಿದ್ದ. ಮೂರನೆಯ ಸಲ ಪಂಪು ತಾನಾಗಿ ಕೆಟ್ಟಿರಲಿಲ್ಲ ಎಂದು ಶಿವಕಾಂತಮ್ಮನ ಗುಮಾನಿ. ಹುಡುಗನಿಗೂ ಮನಸ್ಸಿತ್ತು. ಜಾತಕ, ನೆಂಟಸ್ತನ ಎಲ್ಲ ಹೊಂದಿತ್ತು. ಉಳಿದದ್ದು ಹುಡುಗನ ತಾಯಿ ಸುನಂದಾ. ಆಕೆ ಹಿಂದೆ ಒಂದು ಸಂಬಂಧವನ್ನು ಮಾತುಕತೆಯ ಎಲೆಯಡಿಕೆ ಮುಂದಿಟ್ಟಾಗಲೇ ಮುರಿದು ಎದ್ದವಳು. ಹುಡುಗಿಯ ಅಪ್ಪ ಒಂದು ಸುಳ್ಳು ಹೇಳಿದ್ದೇ ಕಾರಣ. "ಬಡವರಿದ್ರೂ ನಡೀತದ, ಬಣ್ಣ ಹಚ್ಚೋರು ನಡೆಯಂಗಿಲ್ಲ" ಎನ್ನುವುದು ಅವಳ ಕಟ್ಟುನಿಟ್ಟು. ದಸರೆಗೆ ಬರುತ್ತೇನೆ, ಬನ್ನಿ ಕೊಟ್ಟು ತೊಗೊಂಡರೆ ಮಾತು ಪಕ್ಕಾ ಎಂದು ಹೇಳಿ ಕಳಿಸಿದ್ದಳು.

ಭಾದ್ರಪದದಲ್ಲಿ ಒಂದು ಮುಂಜಾನೆ ಕಪಿಲ ಸಾಹೇಬರ ಜೀಪು ಊರಿಗೆ ಬಂತು. ಜೀಪು ಕಂಡೊಡನೆ ಅಣ್ಣಾರಾವನಿಗೆ ಸನ್ಮಾನ ನೆನಪಾಯಿತು. ಜೀಪು ಮನೆಯ ಕಡೆ ತಿರುಗಿದೊಡನೆ ಬೇವಿನ ಬೊಡ್ಡೆ ನೆನಪಾಯಿತು. ಓಡಿ ಹೋಗಿ ಕಂಬಳಿ ಹೊದಿಸಿದ. ಪಕ್ಕದಲ್ಲಿ ಕುರ್ಚಿ ಇಟ್ಟ. ಸಾಹೇಬರು ಕುರ್ಚಿ ಬಿಟ್ಟು ನೇರ ಹೋಗಿ ಕಂಬಳಿಯ ಮೇಲೆ ಕುಳಿತರು.

"ಹಳ್ಳೀಗಿ ಬಂದ್ರ ಹಿಂಗ ಕೂಡಬೇಕ್ರಿ. ಭಾಳ ಗಟ್ಟಿ ಅದ."

"ಹೌದ್ರಿ ಸಾಹೇಬ್ರ" ಎಂದ ಜಗದೇವಪ್ಪ, "ಬೇರಿನ ತನಕ ಗಟ್ಟಿ ಅದ."

ಅಣ್ಣಾರಾವ ಕೆಂಪು ಬಾಳೆಹಣ್ಣಿನ ಚಿಪ್ಪನ್ನೇ ತಂದು ಸಾಹೇಬರ ತೊಡೆಯ ಮೇಲೆ ಇಟ್ಟ. ತಿನ್ನುವ ಬಾಯಿ ಕೆಳಗೆ ನೋಡುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಸಾಹೇಬರು ಹಣ್ಣು ಸುಲಿಯುತ್ತ ಕಾಗದ ತೆಗೆದರು.

"ನಿಮ್ಮ ಮನಿ ಸುತ್ತಮುತ್ತ ಗಿಡ ಕಡದಿದ್ದು ಏನರ ಅದ ಏನ್ರಿ?"

"ಎಲ್ಲೀದ್ರಿ? ನೀವೇ ಕುಂತಲ್ಲಿಂದ ನೋಡ್ರಿ."

ಸಾಹೇಬರು ಕುಂತಲ್ಲಿಂದ ಸುತ್ತಲೂ ನೋಡಿದರು. ಕುಂತದ್ದನ್ನು ಬಿಟ್ಟು ಎಲ್ಲವನ್ನೂ ನೋಡಿದರು. 'ಈ ಅಂಗಳದಲ್ಲಿ ಮರ ಕಡಿದ ಕುರುಹು ಇಲ್ಲ' ಎಂದು ಬರೆದು ಸಹಿ ಹಾಕಿದರು. ಕಾಗದ ಇಟ್ಟುಕೊಳ್ಳಲು ಅನುಕೂಲವಾಗಲೆಂದು ಅದೇ ಬೊಡ್ಡೆಯ ಅಂಚನ್ನು ಬಳಸಿದರು.

ಧೈರ್ಯ ಬಂದ ಅಣ್ಣಾರಾವ ಕೇಳಿದ, "ಸಾಹೇಬ್ರ, ಎಲಿ ಕಿತ್ತರ ಏನ್ ಶಿಕ್ಷಾ?"

ಕಪಿಲ ಸಾಹೇಬರನ್ನು ಎಲೆಯ ವಿಷಯ ಹಿಂದೆ ಯಾರೂ ಕೇಳಿರಲಿಲ್ಲ. ಗೊತ್ತಿಲ್ಲ ಎನ್ನುವುದು ಆ ಹುದ್ದೆಯ ರೂಢಿಯಲ್ಲಿ ಇಲ್ಲ. "ಎಲಿ ಬಗ್ಗೆ ಮ್ಯಾಲಿನವರನ್ನ ಕೇಳಬೇಕು. ಅಲ್ಲೀ ಮಟ ನಿಮ್ಮ ಬೋರ್ಡಿನ ಪ್ರಕಾರ ನಡೀರಿ. ಇನ್ನ ಮ್ಯಾಲ ಆ ಗಿಡದ ಜವಾಬ್ದಾರಿ ನಿಮ್ಮದು" ಎಂದರು. ಬನ್ನಿಯ ಕಾಂಡಕ್ಕೆ ಬಣ್ಣದಲ್ಲಿ ಒಂದು ನಂಬರು ಬರೆಸಿ, ಅದರ ಪಕ್ಕ ಅಣ್ಣಾರಾವನನ್ನು ನಿಲ್ಲಿಸಿ ಫೋಟೋ ಹೊಡೆದರು. ಆ ವಾರವೇ ಫೋಟೋ ಪೇಪರಿನಲ್ಲಿ ಬಂತು: 'ವೃಕ್ಷರಕ್ಷಕ ಅಣ್ಣಾರಾವ'. ಸಾಹೇಬರು ಮುಂದಿನ ಸಲ ಬಂದಾಗ ತನಗೆ ಹೊದಿಸಲು ಇರಲಿ ಎಂದು ಅಣ್ಣಾರಾವ ತಾನೇ ಕಮಲಾಪುರದಲ್ಲಿ ಒಂದು ಶಾಲು ಕೊಂಡು ಟ್ರಂಕಿನಲ್ಲಿಟ್ಟ.

ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ. ನವರಾತ್ರಿಯಲ್ಲಿ ಹೆಂಗಸರು ನಸುಕಿನಲ್ಲೇ ಮಿಂದು ಬನ್ನಿ ಮರ ಸುತ್ತಲು ಹೋಗುತ್ತಾರೆ. ಮೊದಲ ದಿನವೇ ಅಣ್ಣಾರಾವ ಕೋಲು ಅಡ್ಡ ಹಿಡಿದು ನಿಂತ.

"ಅರಿಷಿಣ ಹಚ್ಚಬ್ಯಾಡ್ರಿ, ನಂಬರ್ ಅಳಿಸ್ತದ. ನೀರು ಹಾಕಬ್ಯಾಡ್ರಿ, ಬೇರು ಕೊಳೀತದ. ದೂರ ನಿಂತು ಕೈ ಮುಗೀರಿ."

ಹೆಂಗಸರ ಗುಂಪಿನ ಮುಂದೆ ತುಂಬಿದ ತಂಬಿಗೆ ಹಿಡಿದು ನಿಂತಿದ್ದವಳು ಶಿವಕಾಂತಮ್ಮ. "ನಾನೂ ಏನ್ರಿ?"

"ಕಾನೂನಿಗಿ ಹೆಂಡತಿ ಇಲ್ಲ. ಬೋರ್ಡ್ ಓದು."

"ಓದೀನ್ರಿ" ಎಂದಳು ಅವಳು ತಣ್ಣಗೆ. "ಕೆಳಗಿನ ಸಾಲೂ ಓದೀನಿ."

ಅಣ್ಣಾರಾವನ ನಿಜವಾದ ಯೋಜನೆ ಬಲು ಸುಂದರವಾಗಿತ್ತು. ದಸರೆಯ ದಿನ ಊರಿನವರು ಒಬ್ಬೊಬ್ಬರಾಗಿ ಅಪ್ಪಣೆ ಕೇಳಲು ಬರುತ್ತಾರೆ. ತಾನು ಸ್ವಲ್ಪ ಹೊತ್ತು ಆಗದು ಎನ್ನುತ್ತೇನೆ. ಆಮೇಲೆ ದೊಡ್ಡ ಮನಸ್ಸು ಮಾಡಿ, ಊರೆಲ್ಲ ನೋಡುತ್ತಿರುವಾಗ, ಬೀಗರ ಎದುರಿನಲ್ಲೇ, ಮೊದಲ ಟೊಂಗೆಯನ್ನು ತಾನೇ ಮುರಿಯುತ್ತೇನೆ.

ದಸರೆ ಬಂತು. ಮುಂಜಾನೆಯಿಂದ ಬಾಗಿಲಲ್ಲಿ ಕುಳಿತ. ಅಪ್ಪಣೆ ಕೇಳಲು ಒಂದು ನಾಯಿಯೂ ಬರಲಿಲ್ಲ. ಹಿಂದಿನ ದಿನವೇ ಜಗದೇವಪ್ಪ ಎಲ್ಲರಿಗೂ ಹೇಳಿದ್ದ, ಬೋರ್ಡಿನ ಮಾತು ಮೀರುವುದು ಬೇಡ ಎಂದು. ಊರಿನವರು ಕಲಬುರಗಿಯ ಪೇಟೆಯಿಂದ ಬನ್ನಿ ಎಲೆಯ ಕಟ್ಟು ತಂದಿಟ್ಟುಕೊಂಡಿದ್ದರು. ಮೂರು ತಲೆಮಾರು ಈ ಮರದ ಬನ್ನಿ ಕೊಟ್ಟುಕೊಂಡವರು ಈಗ ಬಸ್ಸಿನಲ್ಲಿ ಬಂದ ಬನ್ನಿ ಕೊಟ್ಟುಕೊಳ್ಳುವವರಿದ್ದರು.

ಅಷ್ಟರಲ್ಲಿ ಸುನಂದಾಳ ಫೋನು ಬಂತು. "ಬೀಗರ, ಪೇಪರಿನ್ಯಾಗ ನೋಡಿದೆ. ಸಂಜೀಕ ಬರ್ತೀವಿ. ನಮಗ ಆ ಗಿಡದ ಬನ್ನೀನೇ ಕೊಡಬೇಕು ನೋಡ್ರಿ, ಪೇಟಿದು ನಡೆಯಂಗಿಲ್ಲ."

"ನನ್ನ ಕೈಲೇ ಮುರದು ಕೊಡ್ತೀನಿ ಬರ್ರಿ!" ಎಂದುಬಿಟ್ಟ. ಫೋನು ಇಟ್ಟಮೇಲೆ ಬೋರ್ಡು ನೆನಪಾಯಿತು.

ಭುವನೇಶ್ವರಿ ಎಲ್ಲ ಕೇಳಿಸಿಕೊಂಡಿದ್ದಳು. "ಅಪ್ಪಾ, ನಡಿ, ಇಬ್ಬರೂ ಹೋಗಿ ಬೋರ್ಡ್ ತಗದು ಬರೋಣು. ಜಗದೇವಪ್ಪ ಕಾಕಾಗ ತಪ್ಪಾತು ಅಂದ್ರ ಮುಗೀತು. ಆ ಅತ್ತಿ ಸುಳ್ಳು ಸೈರಸಂಗಿಲ್ಲ."

"ಪೇಪರಿನ್ಯಾಗ ಬಂದ ಮನಶ್ಯಾ ನಾ. ತಪ್ಪಾತು ಅನ್ಲಿಕ್ಕ ಬರ್ತದೇನು?"

"ಹಂಗಾರ ಸಂಜೀಕ ಏನ್ ಮಾಡ್ತಿ?"

"ಅದೆಲ್ಲ ನಂಗ ಬಿಡು" ಎಂದ. ಅವನಿಗೆ ಬಿಟ್ಟ ಕೆಲಸಗಳ ಗತಿ ಏನಾಗುತ್ತದೆ ಎಂಬುದು ಮಗಳಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ಮುಸುರೆ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತಿಕ್ಕಿದಳು.

ಮಧ್ಯಾಹ್ನ ಊರೆಲ್ಲ ಹೋಳಿಗೆಯ ಮುಂದೆ ಕುಳಿತಿದ್ದಾಗ ಅಣ್ಣಾರಾವ ತಲೆಗೆ ಟವೆಲ್ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಬದುವಿನ ಕಡೆ ನಡೆದ. ಕೆಳಗಿನ ಎಲೆ ಕಿತ್ತರೆ ಗೊತ್ತಾಗುತ್ತದೆ ಎಂದು ಮರ ಹತ್ತುವ ನಿರ್ಧಾರ ಮಾಡಿದ. ಕಾಲಿಡಲು ಸಿಕ್ಕಿದ್ದು ಬೋರ್ಡಿನ ಚೌಕಟ್ಟು ಒಂದೇ. ತನ್ನದೇ ಫೋಟೋದ ನೆತ್ತಿಯ ಮೇಲೆ ಕಾಲಿಟ್ಟು ಮೇಲೇರಿದ. ಒಂದು ಎಳೆಯ ಟೊಂಗೆ ಕೈಗೆ ಬಂತು, ಲಟಕ್ ಎಂದು ಮುರಿದ. ಅದೇ ಹೊತ್ತಿಗೆ ಮೇಲಿನ ಮೊಳೆಗಳು ಕಿತ್ತು ಬೋರ್ಡು ತಲೆಕೆಳಗಾಗಿ ಜೋತುಬಿತ್ತು. ಧೋತರ ಮುಳ್ಳಿಗೆ ಸಿಕ್ಕಿತು. ವೃಕ್ಷವನ್ನು ರಕ್ಷಿಸುತ್ತಿದ್ದವನನ್ನು ಈಗ ವೃಕ್ಷವೇ ಬಿಗಿಯಾಗಿ ಹಿಡಿದುಕೊಂಡಿತು.

ಬದುವಿನ ಆಚೆ ಶಿವಕಾಂತಮ್ಮ ಹೊಲಕ್ಕೆ ಎಡೆ ಒಯ್ಯುತ್ತಿದ್ದಳು. ನಿಂತಳು. ನೋಡಿದಳು. ಆ ಧೋತರವನ್ನು ಬೆಳಿಗ್ಗೆ ಒಗೆದು ಒಣಹಾಕಿದವಳು ಅವಳೇ. ತಟ್ಟೆ ಕೆಳಗಿಟ್ಟು ಸೆರಗು ಸಿಕ್ಕಿಸಿ ಊರಿನ ಕಡೆ ತಿರುಗಿ ಕೂಗಿದಳು.

"ಬರ್ರ್ಯೋ ಯಪ್ಪಾ! ಬನ್ನಿ ಗಿಡದಾಗ ಕಳ್ಳ ಅದಾನ!"

"ಏ, ನಾನಽ!" ಮೇಲಿಂದ ಪಿಸುಗುಟ್ಟಿದ.

"ಬರ್ರಿ ಲಗೂನ! ಕಳ್ಳಗ ನನ್ನ ಗಂಡನ ಧ್ವನಿ ಭಾಳ ಚಲೋ ಬರ್ತದ!"

ಹೋಳಿಗೆ ಬಾಯಲ್ಲಿಟ್ಟುಕೊಂಡೇ ಊರು ಓಡಿ ಬಂತು. ಜಗದೇವಪ್ಪ ಮಾತ್ರ ಕೈ ತೊಳೆದುಕೊಂಡು ಬಂದ. ಇಂಥ ದಿನಕ್ಕೆ ಅವಸರ ಮಾಡಬಾರದು ಎಂದು ಅವನಿಗೆ ಗೊತ್ತಿತ್ತು. ದಸರೆಯ ಫೋಟೋ ಹೊಡೆಯಲು ಅವನೇ ಕರೆಸಿದ್ದ ಕಪಿಲ ಸಾಹೇಬರ ಜೀಪೂ ಬಂತು. ಸಂಜೆ ಬರುತ್ತೇವೆ ಎಂದ ಬೀಗರು ಸಂಜೆಯವರೆಗೆ ಕಾಯಬೇಕಲ್ಲ, ಆದರೆ ಹುಡುಗನಿಗೆ ಮನೆಯಲ್ಲಿ ಕೂತಿರಲು ಆಗಿರಲಿಲ್ಲ. ಜೀಪಿನ ಹಿಂದೆಯೇ ಅಜಿತನ ಗಾಡಿ ನಿಂತಿತು. ಸುನಂದಾ ಇಳಿದು ಸೆರಗು ಸರಿಪಡಿಸಿಕೊಂಡು ಮೇಲೆ ನೋಡಿದಳು.

"ಅವರು ಯಾರ್ರಿ?"

"ಗಿಡ ಕಾಯೋರ್ರಿ ಯವ್ವಾ" ಎಂದ ಜಗದೇವಪ್ಪ. "ಕೆಳಗಿಂದ ಕಾದು ಸಾಕಾತು, ಈಗ ಮ್ಯಾಲಿಂದ ಕಾಯ್ಲಾಕತ್ತಾರ."

ಭುವನೇಶ್ವರಿ ಹೆಂಗಸರ ಹಿಂದೆ ಮರೆಯಾಗಿ ನಿಂತಳು. ಅಜಿತ ಒಮ್ಮೆ ಅವಳ ಕಡೆ ನೋಡಿ, ಚಪ್ಪಲಿ ಬಿಟ್ಟು ಮರ ಹತ್ತಿ, ಮುಳ್ಳಿನಿಂದ ಧೋತರ ಬಿಡಿಸಿ, ಆಗಬಹುದಾಗಿದ್ದ ಮಾವನನ್ನು ಪಂಪು ಇಳಿಸುವಷ್ಟೇ ಜೋಪಾನವಾಗಿ ಇಳಿಸಿದ. ಅಣ್ಣಾರಾವನ ಮುಷ್ಟಿಯಲ್ಲಿ ಟೊಂಗೆ ಹಾಗೆಯೇ ಇತ್ತು.

ಜಗದೇವಪ್ಪ ಚಾಳೀಸು ಹಾಕಿಕೊಂಡ. ಬೋರ್ಡು ತಲೆಕೆಳಗಾಗಿದ್ದರಿಂದ ತಾನೂ ಕತ್ತು ತಿರುಗಿಸಿ ಓದಿದ. "ಸಾಹೇಬ್ರ, ಎಲಿ ಬಗ್ಗೆ ಮ್ಯಾಲಿನವರು ಏನಂದ್ರು?"

ಊರೆಲ್ಲ ಕಪಿಲ ಸಾಹೇಬರ ಕಡೆ ತಿರುಗಿತು. ಇಷ್ಟು ಕಣ್ಣುಗಳ ಮುಂದೆ ಮ್ಯಾಲಿನವರ ಹಿಂದೆ ಅಡಗುವುದು ಕಷ್ಟ. "ಎಲಿ ಕಿತ್ತರ ಕಾನೂನು ಏನೂ ಅನ್ನಂಗಿಲ್ರಿ. ಗಿಡ ಕಡೀಬಾರದು, ಟೊಂಗಿ ಕಡೀಬಾರದು, ಅಷ್ಟೇ. ಎಲಿ ಅಂತ ಸೇರಿಸಿದವರು ಇವರಽ."

"ಖಾಲಿ ಜಾಗಾ ಇತ್ರಿ..." ಎಂದ ಅಣ್ಣಾರಾವ.

"ಹಂಗಾರ ಒಂಬತ್ತು ದಿನ ನಾವು ಸುಮ್ಮನೆ ದೂರ ನಿಂತು ಕೈ ಮುಗದೀವಿ?" ಹೆಂಗಸರಲ್ಲಿ ಯಾರೋ ಅಂದರು.

"ಒಂದು ನಿಮಿಷ" ಎಂದಳು ಸುನಂದಾ. "ಟೊಂಗಿ ಕಡೀಬಾರದು ಅಂದ್ರಿ. ಮತ್ತ ಈ ಊರಾಗ ವರ್ಷಾ ದಸರಾಕ್ಕ ಮೊದಲ ಟೊಂಗಿ ಕುಡುಗೋಲಿಲೇ ಕಡೀತಾರಂತ ಕೇಳೀನಿ, ಅದು ಯಾರು?"

ಜಗದೇವಪ್ಪನ ನಗೆ ಮೀಸೆಯಲ್ಲೇ ನಿಂತಿತು. ಸಾಹೇಬರು ಕೆಮ್ಮಿದರು. "ಅದೂ ತಪ್ಪೇರಿ."

ಆ ಗಳಿಗೆಯಲ್ಲಿ ಬದುವಿನ ಮೇಲೆ ಮಾನ ಉಳಿಸಿಕೊಂಡು ನಿಂತಿದ್ದು ಬನ್ನಿ ಮರ ಒಂದೇ. ಹಾಗಂತ ಜಗದೇವಪ್ಪ ಸುಮ್ಮನಿರುವವನಲ್ಲ. "ನನ್ನ ಕುಡುಗೋಲು ಇನ್ನ ಮ್ಯಾಲ ಹೊಲಕ್ಕಷ್ಟೇ ಹೋಗ್ತದ, ಆತು. ಆದ್ರ ಬೋರ್ಡಿನ ಕೆಳಗಿನ ಸಾಲು ಕಾನೂನಲ್ಲ, ಮಾತು. ಕೊಟ್ಟ ಮಾತು. ಮಾಹಿತಿ ಕೊಟ್ಟವರಿಗೆ ಶಾಲು. ಯಾರು ಕೊಟ್ಟಿದ್ದು?"

"ನಾನ್ರಿ" ಎಂದು ಶಿವಕಾಂತಮ್ಮ ಮುಂದೆ ಬಂದಳು. "ಶಾಲು ಎಲ್ಲಿ ಅದ ಅಂತಲೂ ನಂಗ ಗೊತ್ತದ. ಟ್ರಂಕಿನ್ಯಾಗ."

ಇಡೀ ಊರು ಮೆರವಣಿಗೆಯಂತೆ ಅಣ್ಣಾರಾವನ ಅಂಗಳಕ್ಕೆ ಬಂತು. ಸುನಂದಾಳ ಮುಖದಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತೂಗುವ ತಕ್ಕಡಿಯಂತೆ ಇದ್ದಳು. ಅಣ್ಣಾರಾವ ಇದ್ದಷ್ಟು ಹಲ್ಲು ತೋರಿಸಿ ಕಂಬಳಿಯ ಕಡೆ ಕೈ ಮಾಡಿದ. "ಕೂಡ್ರಿ ಬೀಗತೇರ, ಸಾಹೇಬರು ಕುಂತ ಜಾಗಾ ಅದು. ನಮ್ಮ ಹಿರೇರ ಕಾಲದ ಪೀಠ."

ಸುನಂದಾ ಕೂಡಲು ಬಗ್ಗಿದಳು.

"ಅಲ್ಲಿ ಕೂಡಬ್ಯಾಡ್ರಿ ಅತ್ತಿ" ಎಂದಳು ಭುವನೇಶ್ವರಿ.

ಅಣ್ಣಾರಾವ ಕಣ್ಣು ಹಿಗ್ಗಿಸಿ ತಲೆ ಅಲ್ಲಾಡಿಸಿದ. ಅವಳು ಅಪ್ಪನ ಕಡೆ ನೋಡಲಿಲ್ಲ. ಹೋಗಿ ಕಂಬಳಿ ಎಳೆದು ಹಾಕಿದಳು.

"ಪೀಠ ಅಲ್ರಿ ಅದು. ಬೇವಿನ ಗಿಡದ ಬೊಡ್ಡಿ. ನನ್ನ ಮದುವಿ ಮಂಚಕ್ಕಂತ ಅಪ್ಪ ಅಪ್ಪಣಿ ಇಲ್ಲದ ಕಡಸ್ಯಾನ. ಮಂಚ ಇನ್ನಾ ಆಗಿಲ್ಲ, ಹಲಗಿ ದನದ ಕೊಟ್ಟಿಗ್ಯಾಗ ಅವ. ನಿಮಗ ಇದು ಗೊತ್ತಿರಬೇಕು. ಆಮ್ಯಾಲ ಬನ್ನಿ ಕೊಡೋದು ಬಿಡೋದು ನಿಮಗ ಬಿಟ್ಟಿದ್ದು."

ಹೇಳಿ ಮುಗಿಸಿ ಅವಳು ಕಂಬಳಿ ಮಡಚತೊಡಗಿದಳು. ಎಲ್ಲರಿಗಿಂತ ಹೆಚ್ಚು ಬಿಳಿಚಿಕೊಂಡವರು ಕಪಿಲ ಸಾಹೇಬರು. ಕ್ರಮ ಕೈಗೊಳ್ಳಬೇಕೆಂದರೆ, ಮರ ಕಡಿದ ಕುರುಹು ಇಲ್ಲ ಎಂದು ತಾವು ಬರೆದದ್ದು ಎಲ್ಲಿ ಕುಳಿತು ಎಂಬುದನ್ನೂ ಬರೆಯಬೇಕಾಗುತ್ತಿತ್ತು.

"ಸಾಹೇಬ್ರ, ಇದಕ್ಕೇನಂತೀರಿ?" ಎಂದ ಜಗದೇವಪ್ಪ.

"ಇದರ ಬಗ್ಗೆ..." ಸಾಹೇಬರು ಬೊಡ್ಡೆಯನ್ನೂ ಜೀಪನ್ನೂ ಒಮ್ಮೆ ನೋಡಿದರು. "ಮ್ಯಾಲಿನವರನ್ನ ಕೇಳಬೇಕ್ರಿ."

"ಏನೂ ಬ್ಯಾಡ" ಎಂದಳು ಸುನಂದಾ. "ಕಚೇರಿದು ಕಚೇರಿ ನೋಡ್ಕೊಳ್ಳಿ, ನನ್ನದು ನಾ ಹೇಳ್ತೀನಿ. ಬೀಗರ, ಒಂದು ಗಿಡ ಕಡದೀರಿ, ಈ ಅಂಗಳದಾಗ ಎರಡು ಬೇವು ಹಚ್ಚಬೇಕು. ನಿಮ್ಮ ಕೈಲೇ ನೀರು ಹಾಕಬೇಕು. ಸಸಿ ಒಣಗಿದ್ರ ಮದುವಿ ಮುಂದಕ್ಕ ಹೋಗ್ತದ. ಮಾಡ್ತೀರಿ?"

"ಮಾಡ್ತೀನ್ರಿ" ಎಂದ ಅಣ್ಣಾರಾವ. ಆ ವರ್ಷದಲ್ಲಿ ಅವನು ಬಣ್ಣ ಹಚ್ಚದೆ ಆಡಿದ ಮೊದಲ ಮಾತು ಅದು.

ಸುನಂದಾ ಅವನ ಮುಷ್ಟಿ ಬಿಡಿಸಿದಳು. ನಲುಗಿದ ಟೊಂಗೆಯಿಂದ ಎಲೆ ಕಿತ್ತು ಭುವನೇಶ್ವರಿಯ ಕೈಗಿಟ್ಟಳು. "ತೊಗೋ ಯವ್ವಾ. ಬನ್ನಿ ತೊಗೊಂಡು ಬಂಗಾರದಂಗ ಇರೋಣು. ಒಂದೇ ಯೋಚನಿ ನಂಗ. ಈ ಮನ್ಯಾಗ ಖರೇ ಹೇಳಾಕಿ ನೀ ಒಬ್ಬಾಕಿ. ನೀ ನಮ್ಮ ಮನೀಗಿ ಬಂದ್ರ ಇಲ್ಲಿ ಯಾರು ಹೇಳೋರು?"

"ನಾ ಅದೀನಲ್ರಿ" ಎಂದಳು ಶಿವಕಾಂತಮ್ಮ, ಟ್ರಂಕಿನಿಂದ ಶಾಲು ತಂದು ಗಂಡನ ಕೈಗೆ ಕೊಡುತ್ತ. "ಹೊದಸ್ರಿ. ಮಂದಿ ಕಾಯ್ಲಾಕತ್ತಾರ."

ತನ್ನನ್ನು ಹಿಡಿದುಕೊಟ್ಟವಳಿಗೆ, ತನಗೆಂದು ಕೊಂಡ ಶಾಲನ್ನು, ತಾನೇ ಹೊದಿಸಿದ. ಊರು ಚಪ್ಪಾಳೆ ತಟ್ಟಿತು. ಕಪಿಲ ಸಾಹೇಬರಿಗೆ ಫೋಟೋ ಹೊಡೆಯುವ ಉಮೇದು ಇರಲಿಲ್ಲ, ಅಜಿತ ಹೊಡೆದ.

ಅಂದು ಸಂಜೆ ಊರಿನವರು ಪೇಟೆಯ ಕಟ್ಟುಗಳನ್ನು ದನಗಳ ಮುಂದೆ ಹಾಕಿ, ಹಳೆಯ ಮರದ ಎಲೆಯನ್ನೇ ಕೈಯಿಂದ ಕಿತ್ತು ಕೊಟ್ಟುಕೊಂಡರು. ಮೊದಲ ಎಲೆ ಕಿತ್ತವರು ನವರಾತ್ರಿಯಲ್ಲಿ ದೂರ ನಿಂತಿದ್ದ ಹೆಂಗಸರು. ಅಣ್ಣಾರಾವ ಮತ್ತು ಜಗದೇವಪ್ಪ ಒಬ್ಬರಿಗೊಬ್ಬರು ಬನ್ನಿ ಕೊಟ್ಟರು. ಇಬ್ಬರೂ ಕಳೆದುಕೊಂಡದ್ದು ಸಮನಾಗಿದ್ದರಿಂದ ಅಪ್ಪಿಕೊಳ್ಳುವುದು ಸುಲಭವಾಯಿತು.

ಆ ಫ್ಲೆಕ್ಸು ವ್ಯರ್ಥವಾಗಲಿಲ್ಲ. ಎರಡು ಬೇವಿನ ಸಸಿಗಳ ಸುತ್ತ ಬೇಲಿಗೆ ಅದನ್ನೇ ಕಟ್ಟಿದ್ದಾರೆ. ಕೈಮುಗಿದ ಅಣ್ಣಾರಾವ ಈಗ ಆಡುಗಳ ಕಡೆ ಮುಖ ಮಾಡಿ ನಿಂತಿದ್ದಾನೆ. ಓದು ಬಾರದ ಆಡುಗಳು ಮೊದಲ ವಾರದಲ್ಲೇ 'ಎಲೆ' ಎಂಬಲ್ಲಿಗೆ ಬಾಯಿ ಹಾಕಿ ಅಷ್ಟನ್ನು ತಿಂದು ಹಾಕಿದವು.

ಮದುವೆಯ ದಿನ ಹಂದರದಲ್ಲಿ ಸೂಗಮ್ಮ ಶಿವಕಾಂತಮ್ಮನ ಹೆಗಲು ಮುಟ್ಟಿ ನೋಡಿದಳು.

"ಚಲೋ ಶಾಲು ಅದ. ಎಲ್ಲಿ ತೊಗೊಂಡಿ?"

"ತೊಗೊಂಡಿಲ್ಲ ಅತ್ತಿ. ಒಬ್ಬ ಕಳ್ಳನ್ನ ಹಿಡದು ಕೊಟ್ಟಿದ್ದಕ್ಕ ಕೊಟ್ಟಾರ."

"ಯವ್ವಾ! ಮತ್ತ ಕಳ್ಳಗ ಏನ್ ಮಾಡಿದ್ರು?"

ಶಿವಕಾಂತಮ್ಮ ಅಂಗಳದ ಕಡೆ ಗದ್ದ ಎತ್ತಿ ತೋರಿಸಿದಳು. "ಅಕಾ, ಅಲ್ಲಿ ಗಿಡಕ್ಕ ನೀರು ಹಾಕ್ಲಾಕತ್ತಾನ ನೋಡು."